ಇಪ್ಪತ್ತು ಮಾರಿನ ಹಗ್ಗ

ನಮ್ಮ ಮನೆಯಲ್ಲಿ ಹಗ್ಗವನ್ನು ಯಾರೂ ಅಳೆಯುತ್ತಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೊರಟು ಬೇಲಿಯ ಪಕ್ಕದಲ್ಲೇ ಸಾಗುವ ಒಂದು ನೇರ ದಾರಿ ಇತ್ತು. ಈ ತುದಿಯಲ್ಲಿ ನಾರನ್ನು ಹುರಿಮಾಡುವ ರಾಟೆ, ಆ ತುದಿಯಲ್ಲಿ ಅರ್ಧ ಹೂತ ಒಂದು ಕಲ್ಲು. ಅಪ್ಪ ಕತ್ತಾಳೆ ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ಒಂದು ಎಳೆಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಎರಡೂ ಕೈಯಿಂದ ನಾರು ಬಿಡುತ್ತ ಹಿಂದೆ ಹಿಂದೆ ನಡೆಯುತ್ತಿದ್ದ. ಮಗಳು ನಾನು ರಾಟೆ ತಿರುಗಿಸುತ್ತಿದ್ದೆ. ನಾರು ಹುರಿಯಾಗುತ್ತ ಅವನ ಜೊತೆ ಉದ್ದವಾಗುತ್ತಿತ್ತು. ನೂರಿಪ್ಪತ್ತು ಹೆಜ್ಜೆಯಾಗಿ ಹಿಮ್ಮಡಿಗೆ ಕಲ್ಲು ತಾಗಿದಾಗ ಅವನು "ಹೋ!" ಅನ್ನುತ್ತಿದ್ದ, ನಾನು ಕೈ ನಿಲ್ಲಿಸುತ್ತಿದ್ದೆ. ಅಂಥ ಮೂರು ಹುರಿ ಸೇರಿಸಿ ಹೊಸೆದರೆ ಇಪ್ಪತ್ತು ಮಾರಿನ ಒಂದು ಹಗ್ಗ. ಗೇಣು ಹೆಚ್ಚಿಲ್ಲ, ಗೇಣು ಕಡಿಮೆಯಿಲ್ಲ. ಕಲ್ಲು ನೆಟ್ಟವನು ನನ್ನ ತಾತ. ಸುತ್ತಲಿನ ಬಾವಿಗಳಿಗೆಲ್ಲ ನಮ್ಮದೇ ಹಗ್ಗ.

ದಿನವಿಡೀ ಹಿಂದಕ್ಕೆ ನಡೆಯುವವನೆಂದು ಜನ ಅಪ್ಪನಿಗೆ 'ಹಿಂದ್ನಡೆ' ಎಂದು ಹೆಸರಿಟ್ಟಿದ್ದರು. ಅವನಿಗೆ ಬೇಸರವೇನೂ ಇರಲಿಲ್ಲ. "ಮುಂದೆ ನೋಡ್ಕೊಂಡು ಹೋಗೋರೆಲ್ಲ ಎಡವ್ತಾರೆ. ನಾನು ಇವತ್ತಿನವರೆಗೆ ಎಡವಿಲ್ಲ" ಅನ್ನುತ್ತಿದ್ದ.

ಅಪ್ಪನ ಕರುಳಿನಲ್ಲಿರುವುದು ಕ್ಯಾನ್ಸರ್ ಗಡ್ಡೆ ಎಂದು ತಿಳಿದಾಗ ಹೊಲಗಳಲ್ಲಿ ಇನ್ನೂ ಬಿತ್ತನೆಯಾಗಿರಲಿಲ್ಲ. ಆಪರೇಶನ್ ಆಯಿತು, ಗಾಯ ಮಾಗಿತು. ಮೂರು ವಾರಕ್ಕೊಂದರಂತೆ ಎಂಟು ಸುತ್ತು ಔಷಧಿಯ ಡ್ರಿಪ್ ಹಾಕಬೇಕೆಂದು ಡಾಕ್ಟರಮ್ಮ ಹೇಳಿದರು. ಮೊದಲ ಸುತ್ತು ಮುಗಿಸಿ ಬಂದ ನಾಲ್ಕನೇ ದಿನಕ್ಕೇ ಅಪ್ಪ ಸೊಂಟಕ್ಕೆ ನಾರು ಸುತ್ತಿದ.

"ಮಲಗಿರಿ ಅಂದ್ರೆ ಮಲಗೋಕೂ ಬರಲ್ವಾ ನಿಮಗೆ?" ಅಮ್ಮ ಒಳಗಿನಿಂದ ಕೂಗಿದಳು.

"ಮಲಗಿ ಮಲಗಿ ಬೆನ್ನೇ ಚಾಪೆ ಆಗಿದೆ ಕಣೇ. ಕಲ್ಲು ಮುಟ್ಟೋಕಾಗೋವರೆಗೆ ನಾನು ಚೆನ್ನಾಗಿದ್ದೀನಿ ಅಂತಲೇ ತಿಳ್ಕೋ. ಮುಟ್ಟೋಕಾಗದ ದಿನದಿಂದ ಆ ಆಸ್ಪತ್ರೆ ಕಡೆ ತಲೆ ಹಾಕಿಯೂ ಮಲಗಲ್ಲ. ಸುಮ್ನೆ ಯಾಕೆ ಎಲ್ಲರಿಗೂ ತೊಂದ್ರೆ?"

ಅದನ್ನವನು ನಗುತ್ತಲೇ ಹೇಳಿದ. ನಮಗೆ ನಗು ಬರಲಿಲ್ಲ. ಹೊಗೆಸೊಪ್ಪು ಬಿಟ್ಟೆ ಎಂದ ದಿನವೇ ಬಿಟ್ಟವನು ಅವನು. ಚಿಕ್ಕಪ್ಪನ ಜೊತೆ ಮಾತಾಡುವುದಿಲ್ಲ ಎಂದವನು ಹನ್ನೊಂದು ವರ್ಷ ಆಡಿರಲಿಲ್ಲ.

ಎರಡನೇ ಸುತ್ತಾದ ಮೇಲೆ ಒಂದು ಬೆಳಿಗ್ಗೆ, ದಾರಿಯ ನಡುವೆಯೇ ಕುಸಿದು ಕೂತ. ಬಿಗಿ ತಪ್ಪಿದ ಹುರಿ ಸುರುಳಿ ಸುರುಳಿಯಾಗಿ ತನ್ನಷ್ಟಕ್ಕೆ ಗಂಟು ಹಾಕಿಕೊಂಡಿತು. ನಾನು ಓಡಿದೆ. ಅವನು ಕತ್ತು ಹೊರಳಿಸಿ ಹಿಂದಿದ್ದ ಕಲ್ಲನ್ನು ನೋಡುತ್ತಿದ್ದ.

"ನೂರಿಪ್ಪತ್ತು ಹೆಜ್ಜೆ ಆಯ್ತು. ಕಲ್ಲು ಇನ್ನೂ ಅಲ್ಲೇ ಇದೆ. ಎಣಿಸೋಕೂ ಬರ್ತಿಲ್ಲ ನನಗೆ."

ಕೈಹಿಡಿದು ಒಳಗೆ ಕರೆತಂದೆ. ಅವತ್ತು ಊಟ ಬೇಡ ಎಂದ. ಮಾರನೇ ದಿನವೂ ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದ. ಮೂರನೇ ಸುತ್ತಿನ ಚೀಟಿ ಕಿಟಕಿಯಲ್ಲಿತ್ತು. ಅಮ್ಮ ಅದನ್ನು ತೋರಿಸಿದರೆ, "ಹೇಳಿದ್ದೀನಲ್ಲ" ಎಂದ. ಅಷ್ಟೇ.

ಮಧ್ಯಾಹ್ನ ಅವನಿಗೆ ಜೊಂಪು ಹತ್ತಿದಾಗ ನಾನು ಹಿತ್ತಿಲಿಗೆ ಹೋಗಿ ಮಣ್ಣಿನ ಮೇಲೆ ಮೂಡಿದ್ದ ಅವನ ಹೆಜ್ಜೆಗಳನ್ನು ನೋಡಿದೆ. ಒಂದಕ್ಕೊಂದು ಅಂಟಿಕೊಂಡ ಹಾಗಿದ್ದವು. ಎಣಿಸಿದೆ. ಸರಿಯಾಗಿ ನೂರಿಪ್ಪತ್ತು. ಎಣಿಕೆ ತಪ್ಪಿರಲಿಲ್ಲ, ಹೆಜ್ಜೆ ಗಿಡ್ಡವಾಗಿತ್ತು. ನಾನು ಹಾರೆ ತಂದು ಕಲ್ಲನ್ನು ಮೀಟಿ, ಉರುಳಿಸಿ, ಕೊನೆಯ ಹೆಜ್ಜೆಯ ಹಿಂದೆ ಹೂತೆ. ಬೇಲಿ ಎಲ್ಲ ಕಡೆ ಒಂದೇ ಥರ, ಗುರುತು ಸಿಗುವಂತಿರಲಿಲ್ಲ. ಕೈಯ ಮಣ್ಣು ಒರೆಸಿಕೊಂಡು ತಿರುಗಿದರೆ ಅಮ್ಮ ನಿಂತಿದ್ದಾಳೆ. ಬೈಯುತ್ತಾಳೆ ಅಂದುಕೊಂಡೆ.

"ಹಳೇ ಗುಂಡಿ ಹಾಗೇ ಬಾಯಿ ತೆರ್ಕೊಂಡಿದೆ. ಮುಚ್ಚು. ಮೇಲೆ ಒಂದಿಷ್ಟು ಒಣಹುಲ್ಲು ಉದುರಿಸು" ಎಂದು ಹೇಳಿ ಒಳಗೆ ಹೋದಳು.

ಎರಡು ದಿನ ಬಿಟ್ಟು, ಒಂದೇ ಒಂದು ಹುರಿ ಎಂದು ಕಾಡಿಬೇಡಿ ಅಪ್ಪನನ್ನು ಎಬ್ಬಿಸಿದೆವು. ನೂರಿಪ್ಪತ್ತನೇ ಹೆಜ್ಜೆಗೆ ಹಿಮ್ಮಡಿ ಕಲ್ಲಿಗೆ ತಾಗಿತು. "ಹೋ!" ಎಂದ ದನಿ ಬೇಲಿಯಾಚೆಗೂ ಕೇಳಿಸಿರಬೇಕು. ಅವತ್ತು ಎರಡು ಸಲ ಬಡಿಸಿಕೊಂಡು ಉಂಡ. ಮೂರನೇ ಸುತ್ತಿಗೆ ತಾನೇ ಮುಂದಾಗಿ ಚಪ್ಪಲಿ ಮೆಟ್ಟಿದ.

ನಾಲ್ಕನೇ ಸುತ್ತಿನ ದಿನ ಡಾಕ್ಟರಮ್ಮ ಕಾಗದಗಳನ್ನು ತಿರುವಿ ಹಾಕುತ್ತ, "ತೂಕ ಇಳಿದಿದೆಯಲ್ಲ. ಎಷ್ಟು ನಡೀತೀರಿ ದಿನಕ್ಕೆ?" ಎಂದು ಕೇಳಿದರು.

"ಇಪ್ಪತ್ತು ಮಾರಿನ ಹಗ್ಗ ಹೊಸೀತೀನಿ ಮೇಡಂ. ಮೂರು ಸಲ ಕಲ್ಲು ಮುಟ್ಟಿ ಬರ್ತೀನಿ. ಅದೂ ಹಿಂದ್ಹಿಂದಕ್ಕೆ. ನೀವು ಮುಂದಕ್ಕೂ ಅಷ್ಟು ನಡೆಯಲ್ಲ."

ಅವರು ನಕ್ಕರು. "ಕೈಕಾಲು ಜೋಮು ಹಿಡಿಯೋದು, ಮರಗಟ್ಟೋದು ಏನಾದ್ರೂ?"

"ಏನಿಲ್ಲ."

"ಔಷಧಿ ಸ್ವಲ್ಪ ಇಳಿಸೋಣ ಅಂತಿದ್ದೆ. ಇಷ್ಟು ಗಟ್ಟಿ ಇದ್ದೀರಿ ಅಂದ್ಮೇಲೆ ಪೂರ್ತಿ ಕೊಡೋಣ."

ನಾನು ಅಲ್ಲೇ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಕಲ್ಲು ಸರಿಸಿದ್ದನ್ನು ಆಗಲೇ ಹೇಳಬೇಕಿತ್ತು. ಹೇಳಿದರೆ ಅಪ್ಪ ಎದ್ದು ನಡೆದುಬಿಡುತ್ತಾನೆ, ಮತ್ತೆಂದೂ ಆ ಬಾಗಿಲು ತುಳಿಯುವುದಿಲ್ಲ. ಸುಮ್ಮನಾದೆ.

ಆ ಸುತ್ತು ಅವನನ್ನು ಆರು ದಿನ ಹಿಂಡಿತು. ನೀರು ಕುಡಿದರೂ ವಾಂತಿ. ಅಮ್ಮ ತಲೆ ಹಿಡಿದರೆ ನಾನು ಬಕೆಟ್ಟು ಹಿಡಿಯುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನಾನು ಅವಳ ಮುಖ ನೋಡುತ್ತಿರಲಿಲ್ಲ. ಏಳನೇ ದಿನ ಗಂಜಿ ಉಳಿಯಿತು. ಮತ್ತೆ ಹತ್ತು ದಿನಕ್ಕೆ ಅಪ್ಪ ಬಾಗಿಲ ಹೊರಗೆ ಬಂದು ಬಿಸಿಲಿಗೆ ಕೂತ. ಐದನೇ ಸುತ್ತಿಗೆ ನಾಲ್ಕು ದಿನವಿತ್ತು. ಅಷ್ಟರೊಳಗೆ ಹೇಗಾದರೂ ಹೇಳಲೇಬೇಕು ಎಂದು ನಾನು ಒದ್ದಾಡುತ್ತಿದ್ದಾಗಲೇ ಮೇಲುಬಾವಿ ಅಜ್ಜಿ ಬಂದಳು. ಊರಿನಲ್ಲೇ ಆಳದ ಬಾವಿ ಅವಳದು, ಅವಳ ಬಾಯಿಯೂ ಅಷ್ಟೇ. ಹೆಗಲ ಮೇಲೆ ಎರಡು ಸುರುಳಿ ಹಗ್ಗ. ಎರಡನ್ನೂ ಅಪ್ಪನ ಮುಂದೆ ಧೊಪ್ಪೆಂದು ಹಾಕಿದಳು.

"ಏನೋ ಹಿಂದ್ನಡೆ, ಕಾಯಿಲೆ ನಿನಗೋ ನಿನ್ನ ಹಗ್ಗಕ್ಕೋ?"

"ಯಾಕಜ್ಜಿ, ಏನಾಯ್ತು?"

"ಹೊಸ ಹಗ್ಗದಲ್ಲಿ ಕೊಡ ಇಳಿಬಿಟ್ರೆ ನೀರು ಮುಟ್ಟದೆ ಗಾಳೀಲಿ ತೂಗಾಡುತ್ತೆ. ನೀರು ಕೆಳಗೆ ಹೋಯ್ತು ಅಂದ್ಕೊಂಡೆ. ಹೋದ ವರ್ಷದ್ದು ಕಟ್ಟಿದ್ರೆ ಬುಳುಕ್ ಅಂತ ಮುಳುಗುತ್ತೆ! ಇನ್ನು ಹುರಿ ನೋಡು, ಇಲಿ ನುಂಗಿದ ಹಾವಿನ ಥರ ಅಲ್ಲಲ್ಲಿ ದಪ್ಪ. ನಿಮ್ಮಪ್ಪ ನೋಡಿದ್ರೆ ಇದೇ ಹಗ್ಗದಲ್ಲಿ ನಿನ್ನನ್ನ ಕಂಬಕ್ಕೆ ಕಟ್ತಿದ್ದ."

"ಅಜ್ಜಿ, ನೀರು ಕುಡೀತೀಯಾ?" ಎಂದೆ ನಾನು.

"ನೀರಿನ ಮಾತು ನನ್ನ ಹತ್ರ ಆಡ್ಬೇಡ" ಎಂದಳು.

ಅಪ್ಪ ಹಳೆಯ ಹಗ್ಗವನ್ನು ಎದೆಯ ಮುಂದೆ ಎರಡೂ ಕೈ ಚಾಚಿ ಮಾರು ಹಾಕಿದ. ಇಪ್ಪತ್ತು. ಹೊಸದನ್ನು ಹಾಕಿದ. ಹದಿನಾರಕ್ಕೆ ತುದಿ ಬಂತು. ಮತ್ತೊಮ್ಮೆ ಹಾಕಿದ. ಹದಿನಾರೇ. ಗೋಡೆ ಹಿಡಿದು ಎದ್ದು, ರಾಟೆಯಿಂದ ಹೊರಟು, ಅವತ್ತು ಮಾತ್ರ ಮುಂದಕ್ಕೆ ಮುಖ ಮಾಡಿ ನಡೆದ. ಕಲ್ಲನ್ನು ದಾಟಿದ. ಅದರಾಚೆ ಹುಲ್ಲಿನಲ್ಲಿ ಕಾಲಿನಿಂದ ತಡಕುತ್ತ ಹೋಗಿ ಒಂದು ಕಡೆ ನಿಂತ. ನಾನು ಮುಚ್ಚಿದ್ದ ಮಣ್ಣು ಮಳೆಗೆ ಕುಸಿದು ತಟ್ಟೆಯಗಲ ತಗ್ಗಾಗಿತ್ತು.

"ಯಾರು?" ಎಂದ.

"ನಾನು" ಎಂದೆ.

"ನಾನೂನು" ಎಂದಳು ಅಮ್ಮ ಬಾಗಿಲಿನಿಂದ.

ಮೇಲುಬಾವಿ ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಹಗ್ಗ ಆಮೇಲೆ ತಗೊಂಡು ಹೋಗ್ತೀನಿ. ಅವಸರವಿಲ್ಲ" ಎಂದು ಮೊದಲ ಸಲ ಮೆಲ್ಲಗೆ ಮಾತಾಡಿ ಹೊರಟುಹೋದಳು.

ಅಪ್ಪ ಕಲ್ಲಿನ ಮೇಲೆ ಕೂತುಕೊಂಡ. "ನನಗೆ ಮೋಸ ಮಾಡಿದ್ರಿ, ಹಾಳಾಗ್ಲಿ. ಬಾವಿಗೂ ಮಾಡಿದ್ರಲ್ಲ!"

"ಮಾಡದೆ ಏನ್ ಮಾಡ್ಬೇಕಿತ್ತು? ಕಲ್ಲು ಮುಟ್ಟದೇ ಇದ್ರೆ ಸಾಯ್ತೀನಿ ಅಂತ ಹಟ ಹಿಡಿದೋರು ಯಾರು?" ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಇನ್ನು ತಡೆದರೆ ಆಗುವುದಿಲ್ಲ ಎನ್ನಿಸಿತು. ಹತ್ತಿರ ಹೋಗಿ ಕೂತೆ. "ಅಪ್ಪ, ಬಾವಿ ಇರಲಿ. ನೀನು ಇಪ್ಪತ್ತು ಮಾರು ಅಂದಿದ್ದನ್ನ ನಂಬಿ ಡಾಕ್ಟರಮ್ಮ ಪೂರ್ತಿ ಔಷಧಿ ಹಾಕಿದ್ರು. ಸುಳ್ಳು ಅಂತ ಗೊತ್ತಿದ್ದೂ ನಾನು ಅಲ್ಲಿ ಬಾಯಿ ಬಿಡ್ಲಿಲ್ಲ. ಆರು ದಿನ ನೀನು ಅನುಭವಿಸಿದ್ದು ನನ್ನಿಂದ. ಈ ಸಲ ನಾನು ಹೇಳೋಳೇ. ನೀನು ಬಂದ್ರೂ ಸರಿ, ಬರದಿದ್ರೂ ಸರಿ."

ಅವನು ಕಲ್ಲಿನ ಪಕ್ಕ ಬಿದ್ದಿದ್ದ ನಾರನ್ನು ಹೆಕ್ಕಿಕೊಂಡ. ಆಮೇಲೆ ನಾರಿನ ಒಂದು ಎಳೆಯನ್ನು ಬೆರಳ ನಡುವೆ ಹಿಡಿದು ತೋರಿಸಿದ.

"ಇದು ನನ್ನ ಕೈಯಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ. ಕೈಗೆ ಗೊತ್ತಾಗಲ್ಲ. ಮೂರನೇ ಸುತ್ತಿಂದ ಹೀಗೇ. ಹುರಿ ದಪ್ಪ ಆಯ್ತೋ ಸಣ್ಣ ಆಯ್ತೋ ಎಲ್ಲ ಅಂದಾಜು. ಪಾದವೂ ಹಾಗೇ."

"ಅವರು ಕೇಳಿದ್ರಲ್ಲಪ್ಪ! ಏನಿಲ್ಲ ಅಂದ್ಯಲ್ಲ!"

"ಹೇಳಿದ್ರೆ ಔಷಧಿ ನಿಲ್ಲಿಸಿಬಿಟ್ರೆ?"

ಅಮ್ಮ ಸೆರಗು ತೆಗೆದು ಅವನನ್ನೇ ನೋಡಿದಳು. "ಅಯ್ಯೋ ನಿಮ್ಮ! ಆಸ್ಪತ್ರೆಗೆ ಹೋಗಲ್ಲ ಅಂತ ನಮ್ಮ ಹೊಟ್ಟೆ ಉರಿಸಿದ್ದು ಇದೇ ಬಾಯಲ್ವಾ?"

"ಅದು ಅವತ್ತು" ಎಂದ ಅಪ್ಪ. ಅವನ ಕಿವಿ ಕೆಂಪಾಗಿತ್ತು.

ಐದನೇ ಸುತ್ತಿಗೆ ಮೂವರೂ ಹೋದೆವು. ಅಪ್ಪ ಕೂರುವ ಮೊದಲೇ ಶುರುಮಾಡಿದ. "ಮೇಡಂ, ಹೋದ ಸಲ ಎರಡು ಸುಳ್ಳು ಹೇಳಿದ್ದೆ. ಒಂದು ನನ್ನದು, ಒಂದು ಇವಳದು." ಕಲ್ಲಿನ ಕಥೆ ಕೇಳಿ ಅವರು ನಗುತ್ತ ಪೆನ್ನು ಕೆಳಗಿಟ್ಟರು. ಬೆರಳಿನ ವಿಷಯಕ್ಕೆ ಬಂದಾಗ ನಗು ನಿಲ್ಲಿಸಿದರು. ಕಣ್ಣು ಮುಚ್ಚಿಕೊಂಡು ಅಂಗಿಯ ಗುಂಡಿ ಹಾಕಲು ಹೇಳಿದರು. ಅಪ್ಪ ತಡಕಿದ, ತಡಕಿದ, ಗುಂಡಿ ಸಿಕ್ಕರೂ ತೂತು ಸಿಗಲಿಲ್ಲ.

"ಇದನ್ನ ಮುಚ್ಚಿಟ್ಟಿದ್ದು ತಪ್ಪು. ಇನ್ನೆರಡು ಸುತ್ತು ಹೀಗೇ ಹೋಗಿದ್ರೆ ಬೆರಳು ಹೀಗೇ ಉಳಿದುಬಿಡ್ತಿತ್ತು."

"ಹಾಗಾದ್ರೆ... ನಿಲ್ಲಿಸ್ತೀರಾ?"

"ಎಲ್ಲ ಯಾಕೆ ನಿಲ್ಲಿಸ್ಲಿ? ಕೊಡ್ತಿರೋದು ಎರಡು ಔಷಧಿ. ಜೋಮು ತರೋದು ಒಂದು, ಅದನ್ನ ಸದ್ಯಕ್ಕೆ ಬಿಡೋಣ. ಇನ್ನೊಂದು ಮುಂದುವರೀಲಿ, ಅದನ್ನೂ ಸ್ವಲ್ಪ ಇಳಿಸ್ತೀನಿ. ಸ್ಕ್ಯಾನ್ ಚೆನ್ನಾಗಿದೆ, ಹೊಸದೇನೂ ಕಾಣ್ತಿಲ್ಲ. ಬೆರಳು ನಿಧಾನಕ್ಕೆ ಬರುತ್ತೆ. ತಿಂಗಳುಗಟ್ಟಲೆ ಹಿಡೀಬಹುದು." ಪೆನ್ನು ಎತ್ತಿಕೊಂಡರು. "ಈಗ ನಿಜ ಹೇಳಿ. ಎಷ್ಟು ನಡೀತೀರಿ?"

ಅಪ್ಪ ನನ್ನ ಕಡೆ ನೋಡಿದ. "ಹದಿನಾರು ಮಾರಿನ ಹಗ್ಗದಷ್ಟು. ಈ ವಾರ ಅಷ್ಟೂ ಇಲ್ಲ. ನಡುವೆ ಎರಡು ಸಲ ಕೂರ್ತೀನಿ."

ಅವರು ಅದನ್ನು ಹಾಗೆಯೇ ಬರೆದುಕೊಂಡರು.

ಆ ಸುತ್ತಿನಲ್ಲಿ ವಾಂತಿ ಒಂದೇ ದಿನಕ್ಕೆ ನಿಂತಿತು. ಐದನೇ ದಿನ ಅಪ್ಪ ನನ್ನ ಕೈಗೆ ಹಾರೆ ಕೊಟ್ಟು, ತಾನು ತಗ್ಗಿನ ಪಕ್ಕ ನಿಂತು, ಕಲ್ಲನ್ನು ತಾತ ನೆಟ್ಟಿದ್ದ ಜಾಗಕ್ಕೇ ಹಾಕಿಸಿದ. ಆಮೇಲೆ ರಾಟೆಯ ಮುಂದೆ ಮಣೆ ಎಳೆದುಕೊಂಡು ಕೂತು ಹಿಡಿಯ ಮೇಲೆ ಕೈಯಿಟ್ಟ. "ನಾರು ಸುತ್ಕೋ ಸೊಂಟಕ್ಕೆ" ಎಂದ ನನಗೆ.

"ನಾನಾ? ನನಗೆ ಬರಲ್ಲಪ್ಪ."

"ಕಲ್ಲು ಸರಿಸೋಕೆ ಯಾರು ಹೇಳ್ಕೊಟ್ಟಿದ್ರು?"

ಹಿಂದಕ್ಕೆ ನಡೆಯುವುದು ನೋಡಿದಷ್ಟು ಸುಲಭವಲ್ಲ. ಕೈಯ ಮೇಲೆ ಗಮನವಿಟ್ಟರೆ ಕಾಲು ಬೇಲಿಗೆ ಹೋಗುತ್ತಿತ್ತು, ಕಾಲಿನ ಮೇಲಿಟ್ಟರೆ ನಾರು ಕಿತ್ತು ಬರುತ್ತಿತ್ತು. ಅಪ್ಪ ಕೂತಲ್ಲಿಂದಲೇ ಕೂಗುತ್ತಿದ್ದ. "ಬಿಡೇ, ಬಿಡೇ ನಾರು! ಜಿಪುಣಿ ಥರ ಹಿಡ್ಕೋಬೇಡ! ಹಾಂ... ಈಗ ಕಡಿಮೆ ಮಾಡು. ಅಲ್ಲಿ ಗಂಟು ಬಂತು, ನನಗೆ ಇಲ್ಲಿಂದಲೇ ಕಾಣುತ್ತೆ!"

"ಇವರಿಗೆ ಒಳ್ಳೇ ಕೆಲಸ ಸಿಕ್ತು. ಇನ್ನು ಊರಿಗೆಲ್ಲ ಕೇಳುತ್ತೆ" ಎಂದು ಅಮ್ಮ ನಾರು ಬಾಚುತ್ತ ನಕ್ಕಳು.

ಮೂರನೇ ಹುರಿಯ ಹೊತ್ತಿಗೆ ಬಿಸಿಲು ಏರಿತ್ತು. ಅಪ್ಪ ರಾಟೆ ನಿಲ್ಲಿಸಿ, ಹಿಡಿಯನ್ನು ಬಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿದ.

"ಸುಸ್ತಾಯ್ತಾ?" ಅಮ್ಮ ಕೇಳಿದಳು.

"ಆಯ್ತು" ಎಂದ. ಹಾಗೆ ಒಪ್ಪಿಕೊಂಡದ್ದು ಅದೇ ಮೊದಲು. ಬೆವರು ಒರೆಸಿಕೊಂಡು, "ಆರನೇದು ಯಾವತ್ತು ಬಾ ಅಂದಿದ್ದಾರೆ?" ಎಂದು ಕೇಳಿದ.

"ಇನ್ನು ಹದಿನಾರು ದಿನ ಇದೆ."

"ಅಷ್ಟರಲ್ಲಿ ಇವಳ ಕೈ ಪಳಗಬೇಕು. ನೀರು ಕೊಡು. ಕುಡಿದು ಇನ್ನೊಂದು ಎಳೆಯೋಣ."