ಒದ್ದೆ ಹಗ್ಗದ ಗಂಟು

“ಒಂಬತ್ನೇ ಕ್ಲಾಸಲ್ಲೇ ಜಾರಿ ಬಿದ್ದೋನು ನೀನು, ಬಂಡೆ ಮ್ಯಾಲೆ ಎಲ್ಲಿ ನಿಲ್ತೀಯಲೇ ಹಾಲೇಶ?”

ಪ್ರಭುದೇವ್ ಇದನ್ನು ಮೆಲ್ಲಗೇನೂ ಹೇಳಲಿಲ್ಲ. ಮಧುಗಿರಿ ಬೆಟ್ಟದ ಬುಡದ ತಗಡಿನ ಶೆಡ್ಡಿನಲ್ಲಿ ನಮ್ಮ ಚಾರಣ ಸಂಘದವರೆಲ್ಲ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ, ಕೊನೆಯವರಿಗೂ ಕೇಳಿಸುವಂತೆ ಹೇಳಿದ. ನಾನು ಕೇಳಿದ್ದಾದರೂ ಏನು? ನಾಳೆ ಭಾನುವಾರ ಮಳೆ ಬಿಟ್ಟರೆ ಮೊದಲ ಹಗ್ಗ ನಾನು ಒಯ್ಯಲಾ ಎಂದು. ಮೊದಲ ಹಗ್ಗದವನೇ ಎಲ್ಲರಿಗಿಂತ ಮುಂದೆ ಹತ್ತುವವನು. ಸಂಘಕ್ಕೆ ಸೇರಿದಂದಿನಿಂದ ಅದೊಂದಕ್ಕೇ ಕಾದಿದ್ದೆ. ಅವನು ಸಂಘದ ಕ್ಯಾಪ್ಟನ್, ಕಾಲೇಜಿನ ಮೇಷ್ಟ್ರು. ನಾನು ಕಳ್ಳಂಬೆಳ್ಳದಲ್ಲಿ ವೆಲ್ಡಿಂಗ್ ಮಾಡುವವನು. ಎಲ್ಲರೂ ನಕ್ಕರು. ಕೊರಟಗೆರೆಯ ಮಾನಸಳ ಮೂಗಿನಿಂದ ಟೀ ಚಿಮ್ಮಿತು.

ಇದೇ ಜನರ ಮುಂದೆ ಇವನು ಆ ಮಾತು ನುಂಗುವವರೆಗೂ ಇವನೊಂದಿಗೆ ಮಾತಿಲ್ಲ, ನಗುವೂ ಇಲ್ಲ ಎಂದು ಹಲ್ಲು ಕಚ್ಚಿದೆ.

ಮಳೆ ಹಿಡಿದುಕೊಂಡಿತ್ತು. ಬಂಡೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು, ಹತ್ತುವ ಮಾತೇ ಇಲ್ಲ. ಸುಮ್ಮನೆ ಕೂರುವುದೇಕೆಂದು ಪ್ರಭುದೇವ್, ಹಳಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದ ಬಗೆ ತೋರಿಸಲು ಹೊರಟ. ಸಂಘಕ್ಕಿದ್ದದ್ದು ಅದೊಂದೇ ಹೊಸ ಹಗ್ಗ, ಸೋರುವ ತಗಡಿನ ಕೆಳಗೆ ಚೆನ್ನಾಗಿ ನೆನೆದಿತ್ತು. ಮೊದಲು ಅಡುಗೆಯ ಶಿವರುದ್ರಮ್ಮನಿಗೆ ಕಟ್ಟಿದ. ಮಾರುದ್ದ ಬಿಟ್ಟು, ಬೇಕಂತಲೇ, ನನಗೆ. ಮತ್ತೆ ಮಾರುದ್ದ ಬಿಟ್ಟು ತನಗೆ.

“ಈಗ ಎರಡೂ ಕಡೆಯಿಂದ ಎಳೀರಿ! ಗಂಟು ಹೆಂಗೆ ಕೂರ್ತದೆ ನೋಡಿ!”

ಬೆಳಗಿನಿಂದ ಕೈಕಟ್ಟಿ ಕೂತಿದ್ದ ಜನಕ್ಕೆ ಅಷ್ಟೇ ಸಾಕಾಯಿತು. ಹಗ್ಗಜಗ್ಗಾಟವೇ ಶುರುವಾಯಿತು. ಗಂಟು ಕೂತಿತು, ಎಂಥಾ ಕೂರುವುದು! ಉಗುರು ಮುರಿಯಿತೇ ಹೊರತು ಒಂದೂ ಬಿಚ್ಚಲಿಲ್ಲ.

“ಯಾ ಅಲ್ಲಾ! ಇದು ಗಂಟಲ್ಲ ಕ್ಯಾಪ್ಟನ್, ನಿಕಾ!” ಎಂದ ಶಿರಾದ ಮುಸವೀರ್.

“ಕೊಯ್ದ್ಬುಡಿ ಅತ್ಲಾಗೆ,” ಎಂದಳು ಮಾನಸ.

“ಕೊಯ್ದ್ರೆ ನಾಳೆ ನಿನ್ ದುಪಟ್ಟ ಹಿಡ್ಕಂಡು ಹತ್ತೋಣಾ?” ಎಂದ ಪ್ರಭುದೇವ್.

“ನಿಮ್ ಪಂಚಾಯ್ತಿ ಆಮೇಲಿಕ್ಕೊಳಿ. ಒಲೆ ಮ್ಯಾಲೆ ಅನ್ನ ಸೀಯ್ತೈತೆ!” ಎಂದು ಶಿವರುದ್ರಮ್ಮ ಹೊರಟೇಬಿಟ್ಟಳು. ಹಿಂದೆ ನಾನು, ನನ್ನ ಹಿಂದೆ ಕ್ಯಾಪ್ಟನ್ನು, ಎತ್ತುಗಳಂತೆ ಓಡಿದೆವು. ಅವಳು ಸಾರಿಗೆ ಬಗ್ಗಿದರೆ ನಾವೂ ಬಗ್ಗಬೇಕು. ತೊಟ್ಟಿಗೆ ನೀರಿಗೆ ಹೋದರೆ ಒಂದೊಂದು ಕೊಡ ನಮ್ಮ ಹೆಗಲಿಗೆ.

“ಎಡಕ್ಕೆ ಬಾರಲೇ!” ಎಂದು ಪ್ರಭುದೇವ್ ಹಿಂದಿನಿಂದ ಕೂಗಿದ. ಮಾತಾಡುವಂತಿಲ್ಲವಲ್ಲ, ಅದಕ್ಕೇ ಬೇಕಂತಲೇ ಬಲಕ್ಕೆ ಹೋದೆ. ಅವನು ಕಂಬಕ್ಕೆ ಸುತ್ತಿಕೊಂಡ. ಶಿವರುದ್ರಮ್ಮ ಒಮ್ಮೆ ಜಗ್ಗಿದಳು. ಮೂವರೂ ಕೆಸರಿನ ಇಳಿಜಾರಿನಲ್ಲಿ ಕೂತಂತೆಯೇ ಜಾರಿ, ಒಬ್ಬರ ಮೇಲೊಬ್ಬರು, ಪಾತ್ರೆ ತೊಳೆಯುವ ಹೊಂಡಕ್ಕೆ ಬಿದ್ದೆವು. ಮೇಷ್ಟ್ರ ತಲೆಯ ಮೇಲೆ ಬೆಳಗಿನ ಉಪ್ಪಿಟ್ಟು. ನಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ತುಟಿ ಕಚ್ಚಿದೆ, ಮೂಗು ಹಿಡಿದೆ, ಕಣ್ಣಲ್ಲಿ ನೀರು ಬಂತು. ನಗಲಿಲ್ಲ.

ಊಟ ಮುಗಿದು, ಪಾತ್ರೆಯೂ ತೊಳೆದಾದ ಮೇಲೆ ಶಿವರುದ್ರಮ್ಮ ಅಕ್ಕಿ ಚೀಲಕ್ಕೆ ಚುಚ್ಚಿಟ್ಟಿದ್ದ ದಬ್ಬಳ ತೆಗೆದು, ಗಂಟಿನೊಳಗೆ ತೂರಿಸಿ, ತಿರುವಿ ತಿರುವಿ ಸಡಿಲ ಮಾಡಿದಳು.

“ಅಯ್ಯೋ, ಈ ದಬ್ಬಳ ಬೆಳಿಗ್ಗೇನೇ ಇತ್ತಾ ಶಿವರುದ್ರಮ್ಮ?” ಎಂದ ಪ್ರಭುದೇವ್.

“ಇತ್ತು ಕಣಪ್ಪಾ ಮೇಷ್ಟ್ರೇ. ನೀರು ಹೊರಾಕೆ ಪುಕ್ಸಟ್ಟೆ ಇಬ್ರು ಸಿಕ್ಕಿದ್ರೆ ಯಾರ್ ಬುಡ್ತಾರೆ?”

ಶೆಡ್ಡಿನ ತಗಡು ಹಾರಿಹೋಗುವಂತೆ ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಪ್ರಭುದೇವ್ ನನ್ನ ಕಿವಿಗೆ ಬಗ್ಗಿದ. ಕೆಸರು ಮೆತ್ತಿದ ಮುಖದಲ್ಲಿ ಕಣ್ಣೆರಡೇ ಕಾಣುತ್ತಿದ್ದವು.

“ಬೆಳಿಗ್ಗೆ ಬಾಯಿಗೆ ಬಂದಂಗೆ ಅಂದ್ಬುಟ್ಟೆ. ನಾಳೆ ಮೊದ್ಲನೇ ಹಗ್ಗ ನೀನೇ ಹಿಡಿ. ಆಯ್ತಾ?”

ಬೈಯುವಾಗ ಊರಿಗೆಲ್ಲ ಕೇಳಬೇಕು, ಇದು ಮಾತ್ರ ಕಿವಿಯಲ್ಲೋ? ಸೊಂಟದ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟೆ. ತಿರುಗಿ ಮಳೆಗಿಳಿದೆ.

“ಲೇ ಹಾಲೇಶ!”

ನಿಲ್ಲಲಿಲ್ಲ.

“ಲೇ! ಬೆಳಿಗ್ಗೆ ನಾನಂದಿದ್ದು ತಪ್ಪು ಕಣ್ಲಾ! ನಾಳೆ ಮೊದ್ಲನೇ ಹಗ್ಗ ನಿಂದೇ! ಕೇಳುಸ್ತಾ?”

ಶೆಡ್ಡಿನ ಕೊನೆಯವರಿಗೂ ಕೇಳಿಸಿತ್ತು, ನನ್ನ ಹಟ ತೀರಿತ್ತು. ನನ್ನ ಭುಜಗಳು ಆಗಲೇ ಕುಣಿಯುತ್ತಿದ್ದವು. ಬಾಯಿ ಬಿಟ್ಟರೆ ನಗು ಸಿಡಿಯುತ್ತಿತ್ತು. ಮುಖ ಅವನಿಗೆ ಕಾಣದಂತೆ, ನಾಳೆ ಹತ್ತಬೇಕಾದ ಬಂಡೆಯ ಕಡೆಗೆ ನಡೆದೆ.