ಮಣ್ಣಿನ ಕೈ

ಕಣದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಭುವನಾ ಹಲಗೆಯಿಂದ ಒಂದು ಮೂಲೆಗೆ ಎಳೆಯುತ್ತಿದ್ದಳು. ಅಣ್ಣ ಓಂಕಾರಮೂರ್ತಿಯನ್ನು ಅಲ್ಲೇ ಗೋಡೆಗೆ ಒರಗಿಸಿ ಕೂರಿಸಬೇಕಿತ್ತು. ಮಾಘದ ಬಿಸಿಲು ಆಗಲೇ ಏರಿತ್ತು. ವಸ್ತಾರೆಯ ಸುತ್ತ ಮೆಣಸಿನ ಕುಯ್ಲು ಜೋರಾಗಿತ್ತು. ಆದರೂ ಜನ ಏಣಿ ಇಳಿಸಿಟ್ಟು ಬಂದಿದ್ದರು. ಬೆಳಗಿನ ಜಾವ "ಎದೆ ಹಿಡ್ಕೊಂಡಂಗಿದೆ ಭುವಿ" ಎಂದ ಅಣ್ಣ, ಅವಳು ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

"ಇದನ್ನೊಂದು ನೋಡಮ್ಮ," ಎಂದು ದೊಡ್ಡಪ್ಪ ಸಿದ್ದಬಸಪ್ಪ ಬಾಳೆಎಲೆ ಬಿಡಿಸಿದರು. ಒಳಗೊಂದು ಹಸಿ ಮಣ್ಣಿನ ಕೈ. ಗುಂಡಿ ತೋಡುತ್ತಿದ್ದ ಬೊಮ್ಮಯ್ಯನಿಂದ ಮಾಡಿಸಿದ್ದರು.

"ಯಾಕೆ ದೊಡ್ಡಪ್ಪ?"

"ಲಿಂಗ ಎಲ್ಲಿಡ್ತೀಯ ಮತ್ತೆ? ನಮ್ಮಲ್ಲಿ ಎಡಗೈಲಿ ಲಿಂಗ ಇಟ್ಟೇ ಮಣ್ಣು ಮಾಡೋದು. ಮೇಲೆ ಶಾಲು ಹೊದೆಸಿದ್ರೆ ಗೊತ್ತಾಗಲ್ಲ."

"ಅವನಿಗೆ ಕೈ ಇರ್ಲಿಲ್ಲ ಅಂತ ಊರಿಗೆಲ್ಲ ಗೊತ್ತಲ್ಲ."

"ಊರಿಗೆ ಗೊತ್ತು. ಶಿವನ ಹತ್ರನಾದ್ರೂ ನೆಟ್ಟಗೆ ಹೋಗ್ಲಿ ಅಂತ." ಅವರ ಕಣ್ಣು ತುಂಬಿತ್ತು.

"ಬೆರಳು ಸ್ವಲ್ಪ ದಪ್ಪ ಆದ್ವು," ಎಂದ ಬೊಮ್ಮಯ್ಯ ಹಿಂದಿನಿಂದ. "ಮೂರ್ತಣ್ಣನೇ ಮಾಡಿದ್ರೆ ಚೆನ್ನಾಗಿ ಮಾಡ್ತಿದ್ರು."

*

ಇಪ್ಪತ್ತನೇ ವಯಸ್ಸಿನಲ್ಲಿ, ಮೆಣಸು ಕುಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಮೂರ್ತಿಯ ಎರಡೂ ತೋಳು ಹೋಗಿದ್ದವು. ಆಮೇಲೆ ಕಾಲಲ್ಲೇ ಊಟ, ಕಾಲಲ್ಲೇ ಚಿತ್ರ. ಕಳೆದ ದೀಪಾವಳಿಯ ನಂತರ ಚಿಕ್ಕಮಗಳೂರಿನಲ್ಲಿ ವಿಶೇಷಚೇತನ ಕಲಾವಿದರ ಪ್ರದರ್ಶನ ನಡೆದಾಗ ಅವನವೂ ಆರು ಚಿತ್ರಗಳಿದ್ದವು. ಪ್ರತಿ ಚಿತ್ರದ ಕೆಳಗೂ ಒಂದು ಚೀಟಿ: 'ಕಾಲಿನಿಂದ ಬಿಡಿಸಿದ್ದು', 'ಬಾಯಿಯಿಂದ ಬಿಡಿಸಿದ್ದು'. ನೋಡಲು ಬಂದವರು ಚೀಟಿ ಓದಿ, ಪಾಪ ಎಂದು ಮುಂದೆ ಹೋಗುತ್ತಿದ್ದರು.

"ಭುವಿ, ಆ ಚೀಟಿ ಕಿತ್ತಾಕು."

"ಬೈತಾರೆ ಕಣೋ."

"ಬೈಲಿ. ನಂದಷ್ಟೇ ಕಿತ್ತಾಕು."

ಕಿತ್ತಳು. ಸ್ವಲ್ಪ ಹೊತ್ತಿಗೆ ಕಳಸದ ಕಡೆಯ ಮೇಸ್ತ್ರಿಯೊಬ್ಬ ಏಣಿಯ ಚಿತ್ರದ ಮುಂದೆ ನಿಂತ. "ಬುಡ ಸರಿಯಾಗಿ ಊರಿಲ್ವಲ್ಲ ಮಾರಾಯ್ರೆ. ಹತ್ತಿದವ್ನು ಸೊಂಟ ಮುರ್ಕೊಳ್ತಾನೆ. ಯಾರು ಬರ್ದಿದ್ದು?"

"ನಾನೇ," ಎಂದು ಮೂರ್ತಿ ಕುರ್ಚಿಯಿಂದಲೇ ಬಲಗಾಲು ಚಾಚಿದ. ಮೇಸ್ತ್ರಿ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಎರಡೂ ಕೈಯಲ್ಲಿ ಆ ಕಾಲು ಹಿಡಿದು ಕುಲುಕಿದ.

ಬಸ್ಸಿನಲ್ಲಿ ಮೂರ್ತಿ ವಸ್ತಾರೆ ಬರುವವರೆಗೂ ನಗುತ್ತಲೇ ಇದ್ದ. "ತಪ್ಪು ಹುಡುಕಿದ ನೋಡು. ಅವನೊಬ್ಬನೇ ಚಿತ್ರ ನೋಡಿದ್ದು."

*

ಮೂರ್ತಿಯನ್ನು ಗುಂಡಿಯಲ್ಲಿ ಪದ್ಮಾಸನ ಹಾಕಿಸಿ ಕೂರಿಸಿಯಾಗಿತ್ತು. ದೊಡ್ಡಪ್ಪ ಮಣ್ಣಿನ ಕೈಯನ್ನು, ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ಯನವರತ್ತ ಚಾಚಿದರು. ಭುವನಾ ನಡುವೆ ಬಂದು ಅದನ್ನು ಇಸಿದುಕೊಂಡು ಪಕ್ಕದ ಮಣ್ಣಿನ ರಾಶಿಗೆ ಹಾಕಿದಳು.

"ಲಿಂಗ ಕಾಲಲ್ಲಿಡಿ ಅಯ್ನೋರೆ."

"ಕಾಲಲ್ಲಿ ಲಿಂಗಾನಾ? ತಲೆ ಕೆಟ್ಟಿದೆಯಾ ನಿಂಗೆ?" ಎಂದರು ದೊಡ್ಡಪ್ಪ.

"ಇಪ್ಪತ್ತೊಂಬತ್ತು ವರ್ಷ ಅಲ್ಲೇ ಇಟ್ಕೊಂಡು ಪೂಜೆ ಮಾಡಿದಾನೆ. ದಿನಾ ಕೊರಳಿಂದ ಬಿಚ್ಚಿ ಕೊಡ್ತಿದ್ದೋಳು ನಾನು. ನೀವೆಲ್ಲ ಹಿಂಗಂತೀರ ಅಂತಲೇ ಬಾಗಿಲು ಹಾಕ್ಕೊಳ್ತಿದ್ವಿ."

"ಆದ್ರೂ ಕಾಲು ಕಾಲೇ ಕಣಮ್ಮ."

ಭುವನಾ ಅಯ್ಯನವರ ಕಡೆ ತಿರುಗಿದಳು. "ನೀವು ಮನೆಗೆ ಬಂದಾಗೆಲ್ಲ ನಿಮ್ಮ ಪಾದ ತೊಳೆದು ಆ ನೀರು ಕುಡಿದಿದೀವಿ. ನಮ್ಮಣ್ಣನ ಪಾದಕ್ಕೆ ಏನಾಗಿದೆ, ಹೇಳಿ."

ಅಯ್ಯನವರು ಧೂಳು ಮೆತ್ತಿದ್ದ ತಮ್ಮ ಪಾದಗಳನ್ನು ನೋಡಿಕೊಂಡರು.

"ಯಾವ ಕಾಲು?"

"ಎಡಗಾಲು. ಬಲಗಾಲಲ್ಲಿ ಪತ್ರೆ ಏರಿಸ್ತಿದ್ದ."

"ಹಂಗಾದ್ರೆ ನೀನೇ ಇಳಿದು ಇಡು. ನಿಂಗೆ ರೂಢಿಯಿದೆ."

ದೊಡ್ಡಪ್ಪ ಮುಖ ತಿರುಗಿಸಿ ನಿಂತರು. ಬೊಮ್ಮಯ್ಯ ಅವಳ ಕೈಹಿಡಿದು ಇಳಿಸಿದ. ಯಾರೋ ನೀಡಿದ ಶಾಲನ್ನು ಭುವನಾ ಬೇಡವೆಂದಳು. ಅಣ್ಣನ ಕೊರಳ ಲಿಂಗ ಬಿಚ್ಚಿ, ಮೇಲ್ಮುಖವಾಗಿ ತೆರೆದಿದ್ದ ಎಡ ಅಂಗಾಲಿನಲ್ಲಿಟ್ಟಳು. ಆಮೇಲೆ ಒಂದು ಬಿಲ್ವಪತ್ರೆಯನ್ನು ಬಲಗಾಲಿನ ಹೆಬ್ಬೆರಳಿನ ಪಕ್ಕ, ಕುಂಚ ಹಿಡಿದು ಹಿಡಿದು ಅಗಲವಾಗಿದ್ದ ಸಂದಿನಲ್ಲಿ ಸಿಕ್ಕಿಸಿ ಕೈ ಬಿಟ್ಟಳು. ಪತ್ರೆ ಬೀಳಲಿಲ್ಲ.