ಹಕ್ಕಿಯ ದನಿಗೆ ಅಡ್ಡ ಬಂದವಳು

"ಸುಲಭ ನಡಿಗೆ. ಮಕ್ಕಳು, ವಯಸ್ಸಾದವರೂ ಹೋಗಬಹುದು" ಎಂದು ಹಾದಿಯ ಬಾಯಲ್ಲಿ ಬೋರ್ಡು ಹಾಕಿದ್ದರು. ಗಂಡನ ಹಿಂದೆ ಹೋಗುವ ಹೆಂಗಸರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ನಮ್ಮ ಯಜಮಾನರು ಹಕ್ಕಿಗಳ ದನಿ ಹಿಡಿಯುವವರು. ಅದೇ ಅವರ ಕೆಲಸ. ಕಿವಿಗೆ ಹೆಡ್‌ಫೋನ್, ಹೆಗಲಿಗೆ ರೆಕಾರ್ಡರ್, ಕೈಯಲ್ಲಿ ತುಪ್ಪಳದ ಟೋಪಿ ಹಾಕಿಕೊಂಡ ಮೈಕು. ಮನೆಗೆ ಬಂದಮೇಲೆ ಕೂತು ಅದರಲ್ಲಿ ಸೇರಿಕೊಂಡ ಗಲಾಟೆಯನ್ನೆಲ್ಲ ಕತ್ತರಿಸಿ ತೆಗೆಯುತ್ತಾರೆ. ಗಲಾಟೆ ಎಂದರೆ ವಿಮಾನ, ಮೋಟಾರು, ನಾಯಿ ಮತ್ತು ನಾನು.

ನಾನು ಬಸ್ ನಿಲ್ದಾಣದಲ್ಲಿ ಅನೌನ್ಸರ್. ನಾನು ಮೈಕಿನಲ್ಲಿ ಕೂಗಿದರೆ ಊರಿಗೆ ಊರೇ ಗಂಟುಮೂಟೆ ಎತ್ತಿಕೊಂಡು ಓಡುತ್ತದೆ. ಈಚೆಗೆ ಆ ದನಿ ಒಡೆಯತೊಡಗಿತ್ತು. ನಿಲ್ದಾಣದ ಟೀ ಅಂಗಡಿಯವನು ಮೊದಲ ವಾರವೇ, "ಅಕ್ಕಾ, ಗಂಟಲಿಗೇನಾಯ್ತು? ತೋರಿಸ್ಕೊಳ್ಳಿ" ಎಂದಿದ್ದ. ಹಕ್ಕಿ ಒಂದು ಸಲ ಕೂಗಿದರೆ ಅದು ಗಂಡೋ ಹೆಣ್ಣೋ, ಹಸಿದಿದೆಯೋ ಹೆದರಿದೆಯೋ ಎಂದು ಹೇಳಿಬಿಡುವ ನನ್ನ ಗಂಡನಿಗೆ ಮಾತ್ರ ಒಂದೇ ಸೂರಿನಡಿ ಇದ್ದೂ ಏನೂ ಕೇಳಿಸಿರಲಿಲ್ಲ.

ಹಿಂದಿನ ದಿನ ಡಾಕ್ಟರು ಹೇಳಿದ್ದರು: ಗಂಟಲಲ್ಲಿ ಗಡ್ಡೆ, ಸೋಮವಾರ ಆಪರೇಷನ್. ಆಮೇಲೆ ಈ ದನಿ ಉಳಿಯುತ್ತದೆಂದು ಅವರು ಮಾತು ಕೊಡಲಿಲ್ಲ. ಮನೆಯಲ್ಲಿ ಹೇಳೋಣವೆಂದರೆ ಇವರು ಕಿವಿ ಮುಚ್ಚಿಕೊಂಡು ಕತ್ತರಿಸುತ್ತ ಕೂತಿದ್ದರು. ದಾರಿಯಲ್ಲಾದರೂ ಹೇಳೋಣವೆಂದು ಬೆನ್ನು ಹತ್ತಿ ಬಂದೆ.

ಮೊದಲು ಜೌಗು. ನೀರಿನ ಮೇಲೆ ಹಲಗೆ ಹಾಸಿ ಹಾದಿ ಮಾಡಿದ್ದರು. ಆಪು ಹುಲ್ಲಿನ ಮರೆಯಲ್ಲಿ ಏನೋ ಗುಳುಗುಳು ಅನ್ನುತ್ತಿತ್ತು.

"ರೀ, ಒಂದು ವಿಷಯ..."

"ಶ್!"

ಬಿಡಲಿಲ್ಲ ನಾನು. "ಡಾಕ್ಟರು ಗಂಟಲಲ್ಲಿ ಗಡ್ಡೆ ಇದೆ ಅಂದ್ರು" ಎಂದು ಬೆನ್ನಿಗೇ ಹೇಳಿದೆ. ಇವರು ತಿರುಗದೆ, ಪೊಲೀಸಿನವನು ಗಾಡಿ ನಿಲ್ಲಿಸುವ ಹಾಗೆ ಕೈ ಎತ್ತಿದರು.

"ಮೆಲ್ಲಗೆ ನಡಿಯೇ. ಹಲಗೆ ಕಿರ್ ಅಂತಿದೆ."

ಹಲಗೆಯ ಸದ್ದು ಕೇಳಿಸಿತ್ತು. ಹೆಂಡತಿಯದು ಕೇಳಿಸಿರಲಿಲ್ಲ. ಆ ಮೈಕನ್ನು ಕೆಸರಿಗೆ ಎಸೆದುಬಿಡಬೇಕು ಅನ್ನಿಸಿತು.

ಜೌಗು ಮುಗಿದು ಹುಲ್ಲುಗಾವಲು ಬಂತು. ಎದೆಯುದ್ದ ಹುಲ್ಲು, ಮೇಲೆ ಸುಡುವ ಬಿಸಿಲು. ಇವರು ಮೈಕು ಚಾಚಿ ಹುಲ್ಲಿನಲ್ಲಿ ಬೋರಲು ಮಲಗಿದರು. ಪಕ್ಕದಲ್ಲಿ ಕೂತು ತೋಳು ಹಿಡಿದು ಅಲುಗಿಸಿದೆ.

"ಮನೆಗೆ ಹೋಗಿ ಮಾತಾಡೋಣ ಕಣೇ. ಈಗ ಗಾಳಿ ನಿಂತಿದೆ."

ಮದುವೆಯಾದಾಗಿನಿಂದ ಗಾಳಿ ನಿಂತೇ ಇದೆ. ನನ್ನ ಸರದಿ ಬಂದಿಲ್ಲ. ಹಲ್ಲು ಕಚ್ಚಿಕೊಂಡು ಎದ್ದೆ.

ಕಡೆಗೆ ಕಾಡು. ನೆರಳಿಗೆ ಬಂದ ಕೂಡಲೇ ಇವರು ಎಷ್ಟೋ ದಿನದಿಂದ ಕಾಯುತ್ತಿದ್ದ ಹಕ್ಕಿ ಕೂಗಲು ಶುರುಮಾಡಿತು. ಇವರ ಮುಖ ಅರಳಿತು. ನನ್ನನ್ನು ನೋಡಿ ಆ ಮುಖ ಹೀಗೆ ಅರಳಿದ್ದು ನೆನಪಿಲ್ಲ. ಸಿಟ್ಟು ನೆತ್ತಿಗೇರಿತು.

"ನನ್ನ ದನಿ ಹೋಗುತ್ತೆ ರೀ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ.

ಹಕ್ಕಿ ಪುರ್ರನೆ ಹಾರಿತು.

"ಹಾಳು ಮಾಡಿದೆಯಲ್ಲೇ! ನಿನ್ನ ಬಾಯಿಗೆ ಬೀಗ ಹಾಕ್ಬೇಕು!" ಎಂದು ಮುಖ ದಪ್ಪ ಮಾಡಿಕೊಂಡು ಬಿದ್ದ ಮರದ ಮೇಲೆ ಕೂತರು. ಏನಾದರೂ ಉಳಿದಿದೆಯೇ ಎಂದು ಜೌಗಿನಿಂದ ಹಿಡಿದು ರೆಕಾರ್ಡಾಗಿದ್ದ ಎಲ್ಲವನ್ನೂ ಕೇಳತೊಡಗಿದರು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಗುಂಡಿಯ ಮೇಲೆ ನಿಂತಿತು. ಹಿಂದಕ್ಕೆ ತಿರುಗಿಸಿದರು. ಸದ್ದು ಜೋರು ಮಾಡಿ ಮತ್ತೆ ಕೇಳಿದರು. ಮುಖ ಬಿಳಿಚಿಕೊಂಡಿತು.

"ಗಡ್ಡೆ ಅಂದ್ಯಾ? ನಿನ್ನ ದನಿ... ಯಾವಾಗಿಂದ ಹೀಗಾಗಿದೆ?"

ಮೆಷಿನ್ನಿನಲ್ಲಿ ಬಂದರೆ ಮಾತ್ರ ಇವರಿಗೆ ದನಿ! ಇದ್ದ ಸಿಟ್ಟು ಇಮ್ಮಡಿಯಾಯಿತು.

"ಟೀ ಅಂಗಡಿಯವನನ್ನ ಕೇಳಿ. ಹೇಳ್ತಾನೆ."

ಅವರು ಮೈಕನ್ನು ನನ್ನ ಕಡೆ ತಿರುಗಿಸಿದರು. "ಮಾತಾಡು. ಏನಾದ್ರೂ ಮಾತಾಡು. ತುಂಬಿಟ್ಕೋತೀನಿ."

ಇಷ್ಟು ವರ್ಷ ಕತ್ತರಿಸಿ ಬಿಸಾಡಿದ್ದನ್ನು ಈಗ ಡಬ್ಬಿಗೆ ತುಂಬುತ್ತಾರಂತೆ. ಒಂದು ಗಳಿಗೆ ಅಳು ಒತ್ತಿಕೊಂಡು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮೈಯೆಲ್ಲ ಉರಿಯಿತು. ಮೈಕು ಕಿತ್ತುಕೊಂಡೆ, ಮೆಷಿನ್ನು ಆರಿಸಿದೆ, ಹೆಡ್‌ಫೋನ್ ಎಳೆದು ತರಗೆಲೆಯ ಮೇಲೆ ಹಾಕಿದೆ.

"ಬರಿ ಕಿವೀಲಿ ಕೇಳಿ. ಸೋಮವಾರ ಆಪರೇಷನ್. ಆಮೇಲೆ ಈ ದನಿ ಇರುತ್ತೋ ಇಲ್ವೋ ಗೊತ್ತಿಲ್ಲ. ನೀವು ನನ್ನ ಜೊತೆ ಬರ್ತೀರೋ, ಹಕ್ಕಿ ಹಿಂದೆ ಹೋಗ್ತೀರೋ?"

ಯಾವುದಕ್ಕೆಂದು ತಿಳಿಯದ ಹಾಗೆ ತಲೆಯಾಡಿಸಿದರು.

"ತಲೆ ಆಡಿಸ್ಬೇಡಿ. ಬಾಯಿ ಬಿಟ್ಟು ಹೇಳಿ. ನನ್ನ ಕಿವಿ ಚೆನ್ನಾಗಿದೆ."

ಬಾಯಿ ತೆರೆದರು. ಅಷ್ಟರಲ್ಲಿ ಹಾರಿಹೋಗಿದ್ದ ಹಕ್ಕಿ ವಾಪಸ್ಸು ಬಂದು, ನಮ್ಮ ತಲೆಯ ಮೇಲಿನ ಕೊಂಬೆಯಲ್ಲೇ ಕೂತು ಕೂಗತೊಡಗಿತು.

"ಶ್!" ಎಂದು ಅದನ್ನು ಗದರಿಸಿದೆ. ನಾನು ಉತ್ತರಕ್ಕೆ ಕಾಯುತ್ತಿದ್ದೆ.